ಕೊಡಗಿನ ಊರಿನ, ಕಾಲೇಜಿನ ಚರಿತ್ರೆಯನ್ನು ಗ್ರಂಥಾಲಯದ ಹಳೆಯ ಕಟ್ಟುಗಳಲ್ಲಿ ಹುಡುಕುವುದು ಹೇಗೆ?

"ನಮ್ಮ ಕಾಲೇಜಿನ ಸ್ಮರಣ ಸಂಚಿಕೆ ತರಬೇಕು, ಹಳೆಯ ವಿವರವೆಲ್ಲ ಎಲ್ಲಿ ಸಿಗುತ್ತದೆ?" "ನಮ್ಮೂರಿನ ಶಾಲೆ ಶುರುವಾದ ವರ್ಷ ಯಾರಿಗೂ ನೆನಪಿಲ್ಲ, ಎಲ್ಲಿಂದ ಹುಡುಕಲಿ?" "ವಿಶ್ವವಿದ್ಯಾಲಯದ ಲೈಬ್ರರಿಗೆ ಹೋದೆ, ಕೊಡಗಿನ ಮೇಲೆ ನಾಲ್ಕೈದು ಪುಸ್ತಕ ಬಿಟ್ಟರೆ ಏನೂ ಇಲ್ಲ ಅಂದರು, ನಿಜವೇ?" ಈ ಮೂರು ಪ್ರಶ್ನೆಗಳು ಓದುಗರಿಂದ ಪದೇ ಪದೇ ಬರುತ್ತಿವೆ. ಮೂರಕ್ಕೂ ಸೇರಿಸಿ ಇಲ್ಲಿ ಉತ್ತರ ಬರೆದಿದ್ದೇನೆ.

ಕೊಡಗಿನ ದಾಖಲೆಗಳು ಕಡಿಮೆಯೇನಿಲ್ಲ, ಆದರೆ ಚದುರಿಹೋಗಿವೆ. ಈ ನಾಡನ್ನು ಆಳಿದವರು ಬದಲಾದಾಗಲೆಲ್ಲ ಕಾಗದಪತ್ರಗಳು ಬೇರೆ ಬೇರೆ ಊರು ಸೇರಿದವು. ಆದ್ದರಿಂದ "ಕೊಡಗಿನ ಪುಸ್ತಕ ಎಲ್ಲಿದೆ?" ಎಂದು ಕೇಳಿದರೆ ಕೆಲಸ ಸಾಗುವುದಿಲ್ಲ. "ನನಗೆ ಬೇಕಾದ ವರ್ಷದಲ್ಲಿ ಈ ಊರು, ಈ ಕಾಲೇಜು ಯಾರ ಕೈಕೆಳಗಿತ್ತು?" ಎಂದು ಕೇಳಿಕೊಳ್ಳಿ. ಮುಂದಿನದೆಲ್ಲ ಈ ಪ್ರಶ್ನೆಯಿಂದಲೇ ಬಿಚ್ಚಿಕೊಳ್ಳುತ್ತದೆ.

ಹೊರಡುವ ಮೊದಲು ಕೈಯಲ್ಲಿ ಇರಬೇಕಾದವು: ಗುರುತಿನ ಚೀಟಿ, ನಿಮ್ಮ ಕಾಲೇಜಿನಿಂದಲೋ ಸಂಘದಿಂದಲೋ ಒಂದು ಪರಿಚಯ ಪತ್ರ, ಎರಡು ಪೆನ್ಸಿಲ್, ಗೆರೆಯಿಲ್ಲದ ನೋಟ್‌ಬುಕ್, ಚಾರ್ಜ್ ಇರುವ ಫೋನ್. ಪರಿಚಯ ಪತ್ರದಲ್ಲಿ ನಿಮ್ಮ ವಿಷಯವನ್ನು ಒಂದೇ ವಾಕ್ಯದಲ್ಲಿ ಬರೆಸಿ. "ಸಂಶೋಧನೆಗಾಗಿ" ಎಂದಷ್ಟೇ ಇದ್ದರೆ ಯಾವ ಕಪಾಟು ತೆಗೆಯಬೇಕೆಂದು ಸಿಬ್ಬಂದಿಗೂ ತಿಳಿಯುವುದಿಲ್ಲ.

1. ಪ್ರಶ್ನೆಯನ್ನು ಚಿಕ್ಕದು ಮಾಡಿಕೊಳ್ಳಿ

"ನಮ್ಮ ಕಾಲೇಜಿನ ಇತಿಹಾಸ" ಎನ್ನುವುದು ಹುಡುಕಲು ಆಗುವ ಪ್ರಶ್ನೆಯಲ್ಲ. "ಈಗ ಹಾಸ್ಟೆಲ್ ಇರುವ ಜಾಗ ಮೊದಲು ಯಾರದಾಗಿತ್ತು, ಯಾವ ವರ್ಷ ಕಾಲೇಜಿಗೆ ಬಂತು?" ಎಂದರೆ ಹುಡುಕಬಹುದು. "ನಮ್ಮೂರ ಸಂತೆ ಯಾವಾಗ ಶುರುವಾಯಿತು?", "ಮೊದಲ ಬ್ಯಾಚಿನಲ್ಲಿ ಎಷ್ಟು ಹೆಣ್ಣುಮಕ್ಕಳಿದ್ದರು?" ಇಂಥವೂ ಆಗುತ್ತವೆ. ಪ್ರಶ್ನೆಯಲ್ಲಿ ಒಂದು ಜಾಗ, ಒಂದು ಕಾಲ, ಒಂದು ಸಂಗತಿ ಇರಲಿ. ಹಾಳೆಯ ಮೇಲ್ಗಡೆ ಅದನ್ನು ಬರೆದಿಟ್ಟುಕೊಳ್ಳಿ. ಹಳೆಯ ಕಟ್ಟು ಬಿಚ್ಚಿದರೆ ಮನಸ್ಸು ಎಲ್ಲೆಲ್ಲಿಗೋ ಹೋಗುತ್ತದೆ, ಸಂಜೆ ಐದಕ್ಕೆ ಬಾಗಿಲು ಹಾಕುವಾಗ ಬೇಕಾದ್ದು ಮಾತ್ರ ಸಿಕ್ಕಿರುವುದಿಲ್ಲ.

2. ಆ ವರ್ಷ ಯಾರ ಕೈಕೆಳಗಿತ್ತು ಎಂದು ಗುರುತಿಸಿ

ಈ ಹಂತಕ್ಕೆ ಒಂದು ಪೂರ್ತಿ ದಿನ ಕೊಟ್ಟರೂ ನಷ್ಟವಿಲ್ಲ.

1834ರವರೆಗೆ ಹಾಲೇರಿ ಅರಸರ ಕಾಲ. ಆ ವರ್ಷ ಬ್ರಿಟಿಷರು ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಕೊಡಗನ್ನು ತಮ್ಮ ಆಡಳಿತಕ್ಕೆ ತೆಗೆದುಕೊಂಡರು. ಮಡಿಕೇರಿಯಲ್ಲಿ ಅವರ ಅಧಿಕಾರಿ ಇದ್ದರೂ ಮೇಲಿನ ಅಧಿಕಾರ ಬೆಂಗಳೂರಿನಲ್ಲಿತ್ತು. ಮೊದಲು ಮೈಸೂರಿನ ಕಮಿಷನರ್ ಕೊಡಗನ್ನೂ ನೋಡಿಕೊಂಡರು. 1881ರಲ್ಲಿ ಮೈಸೂರು ಮತ್ತೆ ಒಡೆಯರ ಕೈಸೇರಿದ ಮೇಲೆ ಮೈಸೂರಿನ ರೆಸಿಡೆಂಟರೇ, ಎಂದರೆ ಅಲ್ಲಿದ್ದ ಬ್ರಿಟಿಷ್ ಸರ್ಕಾರದ ಪ್ರತಿನಿಧಿಯೇ, ಕೊಡಗಿನ ಚೀಫ್ ಕಮಿಷನರ್ ಆದರು. ಅವರ ಮೇಲೆ ಭಾರತ ಸರ್ಕಾರ. ಹಾಗಾಗಿ ಒಂದೇ ವಿಷಯದ ಪತ್ರ ಮಡಿಕೇರಿ, ಬೆಂಗಳೂರು, ದೆಹಲಿ ಮೂರರಲ್ಲೂ ಇರಬಹುದು. ಮಡಿಕೇರಿಯ ಪ್ರತಿ ಗೆದ್ದಲು ತಿಂದಿದ್ದರೂ ದೆಹಲಿಯ ಪ್ರತಿ ಗಟ್ಟಿಯಾಗಿರಬಹುದು. ಇದು ಕೊಡಗಿನವರ ಭಾಗ್ಯ ಎಂದೇ ನಾನು ತಿಳಿದಿದ್ದೇನೆ.

ಸ್ವಾತಂತ್ರ್ಯದ ಮೇಲೆ ಕೊಡಗು ಪ್ರತ್ಯೇಕ 'ಸಿ' ರಾಜ್ಯವಾಯಿತು, ಎಂದರೆ ಕೇಂದ್ರದ ಮೇಲ್ವಿಚಾರಣೆಯ ಚಿಕ್ಕ ರಾಜ್ಯ. 1952ರಿಂದ 1956ರವರೆಗೆ ಸಿ.ಎಂ. ಪೂಣಚ್ಚನವರು ಮುಖ್ಯಮಂತ್ರಿಯಾಗಿದ್ದರು, 24 ಸದಸ್ಯರ ವಿಧಾನಸಭೆಯೂ ಇತ್ತು. 1956ರ ನವೆಂಬರ್ 1ರಂದು ಕೊಡಗು ಮೈಸೂರು ರಾಜ್ಯದಲ್ಲಿ ಸೇರಿತು. ಆ ಚಿಕ್ಕ ರಾಜ್ಯದ ಕಾಲದ ಶಾಲೆ, ರಸ್ತೆ, ಆಸ್ಪತ್ರೆಗಳ ಬಗ್ಗೆ ಕೆಲಸ ಮಾಡಿದವರು ತೀರಾ ಕಡಿಮೆ. ನಿಮ್ಮ ಪ್ರಶ್ನೆ ಆ ನಾಲ್ಕೈದು ವರ್ಷದ್ದಾದರೆ ದಯವಿಟ್ಟು ಬಿಡಬೇಡಿ.

ಗಡಿಯೂ ಬದಲಾಗಿದೆ. ಅಮರ ಸುಳ್ಯ, ಪುತ್ತೂರು ಕಡೆಯ ಸೀಮೆ 1834ರವರೆಗೆ ಕೊಡಗಿನದು. ಆಮೇಲೆ ಅದನ್ನು ದಕ್ಷಿಣ ಕನ್ನಡಕ್ಕೆ, ಎಂದರೆ ಮದರಾಸು ಆಡಳಿತಕ್ಕೆ, ಸೇರಿಸಿದರು. ನಿಮ್ಮ ಮನೆತನ ಆ ಕಡೆಯದಾದರೆ ಹಿಂದಿನ ಕಥೆ ಕೊಡಗಿನ ಕಾಗದದಲ್ಲಿ, ಮುಂದಿನ ಕಥೆ ಚೆನ್ನೈನ ತಮಿಳುನಾಡು ಪತ್ರಾಗಾರದಲ್ಲಿ. ಪತ್ರಾಗಾರ ಎಂದರೆ ಸರ್ಕಾರದ ಅಥವಾ ಸಂಸ್ಥೆಯ ಹಳೆಯ ಕಡತಗಳನ್ನು ಶಾಶ್ವತವಾಗಿ ಕಾಯ್ದಿಡುವ ಜಾಗ. ನಮ್ಮ ರಾಜ್ಯದ ಪತ್ರಾಗಾರ ಬೆಂಗಳೂರಿನಲ್ಲಿದೆ, ರಾಷ್ಟ್ರೀಯ ಅಭಿಲೇಖಾಗಾರ ದೆಹಲಿಯಲ್ಲಿ. ದೆಹಲಿಯ ಪಟ್ಟಿಯನ್ನು 'ಅಭಿಲೇಖ್ ಪಟಲ್' ಎಂಬ ಜಾಲತಾಣದಲ್ಲಿ ಮನೆಯಿಂದಲೇ ಹುಡುಕಬಹುದು.

ತಾಲೂಕುಗಳ ವಿಷಯದಲ್ಲೂ ಇದೇ ಎಚ್ಚರ ಬೇಕು. ಪೊನ್ನಂಪೇಟೆ, ಕುಶಾಲನಗರ ತಾಲೂಕುಗಳು ತೀರಾ ಈಚಿನವು. ಪೊನ್ನಂಪೇಟೆ ಕಡೆಯ ಹಳ್ಳಿಯನ್ನು ಹಿಂದಿನ ಕಡತಗಳಲ್ಲಿ ವಿರಾಜಪೇಟೆಯ ಕೆಳಗೆ, ಅದಕ್ಕೂ ಹಿಂದೆ ಕಿಗ್ಗಟ್ಟುನಾಡಿನ ಕೆಳಗೆ ನೋಡಬೇಕು. ಕುಶಾಲನಗರದ ಕಡೆಯದು ಸೋಮವಾರಪೇಟೆಯಲ್ಲಿ, ಅದಕ್ಕೂ ಹಿಂದೆ ನಂಜರಾಜಪಟ್ಟಣದಲ್ಲಿ.

ಕಾಲೇಜುಗಳಿಗೂ ಹೀಗೆಯೇ. ಮಡಿಕೇರಿಯ ಸರ್ಕಾರಿ ಕಾಲೇಜು 1949ರದು. ಈಗ ಅದು ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪ ಕಾಲೇಜು. ಮೊದಲು ಅದು ಮದರಾಸು ವಿಶ್ವವಿದ್ಯಾಲಯದ ಸಂಯೋಜನೆಯಲ್ಲಿತ್ತು, ಆಮೇಲೆ ಮೈಸೂರು ವಿಶ್ವವಿದ್ಯಾಲಯದಲ್ಲಿ, 1980ರಲ್ಲಿ ಮಂಗಳೂರು ವಿಶ್ವವಿದ್ಯಾಲಯ ಹುಟ್ಟಿದ ಮೇಲೆ ಅಲ್ಲಿ. ಸಂಯೋಜನೆ ಎಂದರೆ ಪರೀಕ್ಷೆ ನಡೆಸಿ ಪದವಿ ಕೊಡುವ ವಿಶ್ವವಿದ್ಯಾಲಯದೊಡನೆ ಕಾಲೇಜಿಗಿರುವ ಕಟ್ಟು. 2023ರಲ್ಲಿ ಚಿಕ್ಕ ಅಳುವಾರದಲ್ಲಿ ಕೊಡಗು ವಿಶ್ವವಿದ್ಯಾಲಯ ಶುರುವಾಯಿತು. ಅದಕ್ಕೂ ಮೊದಲು ಆ ಆವರಣ ಮಂಗಳೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ, 'ಜ್ಞಾನ ಕಾವೇರಿ'. ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯ 1995ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಅಂಗವಾಗಿ ಶುರುವಾಗಿ ಆಮೇಲೆ ಶಿವಮೊಗ್ಗದ ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿತು. ಯಾವ ವರ್ಷದ ಕಾಗದ ಬೇಕೋ ಆ ವರ್ಷದ ವಿಶ್ವವಿದ್ಯಾಲಯದ ಬಾಗಿಲು ತಟ್ಟಿ.

3. ಹಳೆಯ ಹೆಸರುಗಳ ಪಟ್ಟಿ ಮಾಡಿಕೊಳ್ಳಿ

ಹುಡುಕುವವರು ಸೋಲುವುದು ಹೆಚ್ಚಾಗಿ ಇಲ್ಲೇ. ಗಣಕದಲ್ಲಿ 'ಕೊಡಗು', 'ಮಡಿಕೇರಿ' ಎಂದು ಹೊಡೆದರೆ ಅರ್ಧವೂ ಸಿಗುವುದಿಲ್ಲ. ಇಂಗ್ಲಿಷ್ ಕಡತಗಳಲ್ಲಿ ಕೂರ್ಗ್, ಮರ್ಕೆರಾ; ವಿರಾಜಪೇಟೆಗೆ ವೀರರಾಜೇಂದ್ರಪೇಟೆ; ಕುಶಾಲನಗರಕ್ಕೆ ಫ್ರೇಸರ್‌ಪೇಟೆ. 1834ರಲ್ಲಿ ಇಲ್ಲಿಗೆ ಬಂದ ಕರ್ನಲ್ ಫ್ರೇಸರ್ ಹೆಸರು ಅದು. ಒಂದೇ ಊರನ್ನು ಬೇರೆ ಬೇರೆ ಗುಮಾಸ್ತರು ಬೇರೆ ಬೇರೆ ಕಾಗುಣಿತದಲ್ಲಿ ಬರೆದಿರುತ್ತಾರೆ. ಒಂದೊಂದು ಹೆಸರಿಗೂ ಇಂಗ್ಲಿಷ್ ಅಕ್ಷರದಲ್ಲಿ ನಾಲ್ಕೈದು ರೂಪ ಬರೆದಿಟ್ಟುಕೊಂಡು ಎಲ್ಲದರಲ್ಲೂ ಹುಡುಕಿ.

ಘಟನೆಗಳಿಗೂ ಎರಡು ಹೆಸರು. 1837ರಲ್ಲಿ ಬ್ರಿಟಿಷರ ವಿರುದ್ಧ ನಡೆದ ಹೋರಾಟವನ್ನು ಜನ 'ಕಲ್ಯಾಣಪ್ಪನ ಕಾಟಕಾಯಿ' ಎಂದರು, ಈಗ ಅಮರ ಸುಳ್ಯದ ದಂಗೆ ಎನ್ನುತ್ತೇವೆ. ಸರ್ಕಾರದ ಕಡತದ ಮೇಲೆ ಬಂಡಾಯ, ಗಲಭೆ ಎಂಬ ಅರ್ಥದ ಇಂಗ್ಲಿಷ್ ಪದವಷ್ಟೇ ಇರುತ್ತದೆ. ಆ ವರ್ಷ ಮಡಿಕೇರಿ ಕೋಟೆಯ ಬಳಿ ಗಲ್ಲಿಗೇರಿದ ಗುಡ್ಡೆಮನೆ ಅಪ್ಪಯ್ಯಗೌಡರ ಹೆಸರನ್ನು ಹುಡುಕುವಾಗಲೂ ಆಳುವವರು ಏನೆಂದು ಕರೆದಿದ್ದಾರು ಎಂದು ಯೋಚಿಸಬೇಕು.

ಜಮೀನಿನ ಮಾತು ಬಂದರೆ ಈ ಪದಗಳು ಗೊತ್ತಿರಲಿ. ಜಮ್ಮಾ ಎಂದರೆ ಒಕ್ಕಕ್ಕೆ (ಕೊಡವರ ಮನೆತನಕ್ಕೆ) ತಲತಲಾಂತರದಿಂದ ಬಂದ ಹಕ್ಕಿನ ಭೂಮಿ. ಬಾಣೆ ಎಂದರೆ ಗದ್ದೆಗೆ ಹೊಂದಿಕೊಂಡು ಮೇವು, ಸೌದೆ, ಗೊಬ್ಬರದ ಸೊಪ್ಪಿಗೆಂದು ಬಿಟ್ಟ ಕಾಡುಜಾಗ. ಸಾಗು ಎಂದರೆ ಪೂರ್ಣ ಕಂದಾಯ ಕಟ್ಟುವ ಭೂಮಿ. ಪೈಸಾರಿ ಸರ್ಕಾರಿ ಜಾಗ. ಉಂಬಳಿ ಸೇವೆಗಾಗಿ ಬಿಟ್ಟುಕೊಟ್ಟದ್ದು. ನಾಡಿನ ಕಂದಾಯ ನೋಡುತ್ತಿದ್ದವರು ಪಾರುಪತ್ತೆಗಾರರು. ಇಷ್ಟು ತಿಳಿಯದೆ ಕಂದಾಯ ಕಡತ ತೆರೆದರೆ ಒಂದು ಪುಟವೂ ಮುಂದೆ ಸಾಗದು.

4. ಗ್ರಂಥಾಲಯದ ಒಳಗೆ ಎಲ್ಲೆಲ್ಲಿ ನೋಡಬೇಕು

ಮೊದಲು ಗಣಕದ ಗ್ರಂಥಸೂಚಿ. ಗ್ರಂಥಾಲಯದವರು ಇದನ್ನು 'ಒಪ್ಯಾಕ್' ಎನ್ನುತ್ತಾರೆ. ಅಲ್ಲಿ ಇಲ್ಲ ಎಂದರೆ ಗ್ರಂಥಾಲಯದಲ್ಲೇ ಇಲ್ಲ ಎಂದು ಎದ್ದು ಬರಬೇಡಿ. ಹಳೆಯ ಸಂಗ್ರಹವೆಲ್ಲ ಗಣಕಕ್ಕೆ ಏರಿರುವುದಿಲ್ಲ. ಕಾರ್ಡ್ ಕ್ಯಾಟಲಾಗ್ ಇದೆಯೇ ಕೇಳಿ. ಮರದ ಡ್ರಾಯರುಗಳ ಆ ಪೆಟ್ಟಿಗೆ ಎಲ್ಲೋ ಮೂಲೆಯಲ್ಲಿ ಇರುತ್ತದೆ. ಅಲ್ಲೂ ಇಲ್ಲವಾದರೆ ಪರಿಗ್ರಹಣ ರಿಜಿಸ್ಟರ್ ಕೇಳಿ. ಗ್ರಂಥಾಲಯಕ್ಕೆ ಬಂದ ಪ್ರತಿ ಪುಸ್ತಕವನ್ನೂ ಬಂದ ದಿನದ ಕ್ರಮದಲ್ಲಿ ಬರೆದಿಡುವ ದೊಡ್ಡ ಪುಸ್ತಕ ಅದು, 'ಆಕ್ಸೆಶನ್ ರಿಜಿಸ್ಟರ್' ಎಂದರೆ ಎಲ್ಲರಿಗೂ ಅರ್ಥವಾಗುತ್ತದೆ. ಯಾವ ಪುಸ್ತಕ ಯಾರು ದಾನ ಕೊಟ್ಟರು ಎಂಬುದೂ ಅದರಲ್ಲಿರುತ್ತದೆ. ಕಾಲೇಜಿನ ಚರಿತ್ರೆ ಬರೆಯುವವರಿಗೆ ಆ ರಿಜಿಸ್ಟರೇ ಒಂದು ದಾಖಲೆ: ಮೊದಲ ವರ್ಷ ಕೊಂಡ ಪುಸ್ತಕಗಳ ಪಟ್ಟಿ ನೋಡಿದರೆ ಅಲ್ಲಿ ಏನು ಪಾಠ ನಡೆಯುತ್ತಿತ್ತೆಂದು ಕಣ್ಣಿಗೆ ಕಟ್ಟುತ್ತದೆ.

ರೆಫರೆನ್ಸ್ ವಿಭಾಗದಲ್ಲಿ ಖಂಡಿತ ನೋಡಬೇಕಾದವು ಕೆಲವಿವೆ. ಬಿ.ಎಲ್. ರೈಸ್ ಸಂಪಾದಿಸಿದ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಮೊದಲ ಸಂಪುಟವೇ ಕೊಡಗಿನ ಶಾಸನಗಳದು. 1886ರಲ್ಲಿ ಬಂತು, 1914ರಲ್ಲಿ ಪರಿಷ್ಕರಣೆಯಾಯಿತು. ನಿಮ್ಮೂರಿನ ಹೆಸರು ಅದರ ಸೂಚಿಯಲ್ಲಿ ಇದೆಯೇ ಎಂದು ನೋಡುವುದು ಹತ್ತು ನಿಮಿಷದ ಕೆಲಸ. 1965ರ ಕೊಡಗು ಜಿಲ್ಲಾ ಗೆಜೆಟಿಯರ್ ಇನ್ನೊಂದು. ಗೆಜೆಟಿಯರ್ ಎಂದರೆ ಜಿಲ್ಲೆಯ ಭೂಗೋಳ, ಚರಿತ್ರೆ, ಆಡಳಿತ ಎಲ್ಲವನ್ನೂ ಒಂದೆಡೆ ಕೊಡುವ ಸರ್ಕಾರಿ ಗ್ರಂಥ. ಅದರ ಶಿಕ್ಷಣದ ಅಧ್ಯಾಯದಿಂದ ಶುರುಮಾಡಿ. ಹತ್ತು ವರ್ಷಕ್ಕೊಮ್ಮೆಯ ಜನಗಣತಿ ವರದಿಗಳನ್ನೂ ಒಂದರ ಪಕ್ಕ ಒಂದಿಟ್ಟು ನೋಡಿ.

ಪಿಎಚ್‌.ಡಿ ಪ್ರಬಂಧಗಳನ್ನು ಮರೆಯಬೇಡಿ. 'ಶೋಧಗಂಗಾ' ಎಂಬ ಜಾಲತಾಣದಲ್ಲಿ ದೇಶದ ವಿಶ್ವವಿದ್ಯಾಲಯಗಳ ಪ್ರಬಂಧಗಳು ಉಚಿತವಾಗಿ ಸಿಗುತ್ತವೆ. ಪ್ರಬಂಧವನ್ನು ಮೊದಲ ಪುಟದಿಂದ ಓದುವುದಕ್ಕಿಂತ ಕೊನೆಯ ಆಕರ ಪಟ್ಟಿಯಿಂದ ಓದಿ. ಯಾವ ಪತ್ರಾಗಾರದ ಯಾವ ಕಡತ ಎಂದು ಅವರು ಆಗಲೇ ಬರೆದಿಟ್ಟಿರುತ್ತಾರೆ. ನಿಮ್ಮ ಅರ್ಧ ಓಡಾಟ ತಪ್ಪುತ್ತದೆ.

ಮಿಷನ್ ದಾಖಲೆಗಳು ಬೇರೆಯೇ ಲೋಕ. ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಕೊಡಗಿನಲ್ಲಿ ಕೆಲಸ ಮಾಡಿದವರು; ಅದೇ ಮಿಷನ್ನಿನಿಂದ ಬಂದ ಜಿ. ರಿಕ್ಟರ್ ಮಡಿಕೇರಿಯ ಶಾಲೆಯಲ್ಲಿ ಮುಖ್ಯೋಪಾಧ್ಯಾಯರಾಗಿದ್ದರು. ಮಿಷನ್ನಿನ ಕಾಗದಗಳು ಮಂಗಳೂರಿನ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಪತ್ರಾಗಾರದಲ್ಲೂ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲೂ ಇವೆ. ಬಾಸೆಲ್‌ನವರು ಹಳೆಯ ಫೋಟೋಗಳನ್ನು ಅಂತರ್ಜಾಲಕ್ಕೆ ಏರಿಸಿದ್ದಾರೆ.

5. ಕಾಲೇಜಿನದೇ ಕಾಗದಗಳು

ಕಾಲೇಜಿನ ಚರಿತ್ರೆ ಬಹುಪಾಲು ಗ್ರಂಥಾಲಯದ ಕಪಾಟಿಗಿಂತ ಕಚೇರಿಯ ಬೀರುವಿನಲ್ಲಿ ಇರುತ್ತದೆ. ಕೇಳಬೇಕಾದವು: ವಾರ್ಷಿಕ ಸಂಚಿಕೆಗಳು, ಪ್ರಾಸ್ಪೆಕ್ಟಸ್‌ಗಳು, ಆಡಳಿತ ಮಂಡಳಿಯ ನಡಾವಳಿ ಪುಸ್ತಕ, ಕಟ್ಟಡದ ನಕ್ಷೆ, ಗ್ರೂಪ್ ಫೋಟೋಗಳು, ಕ್ರೀಡಾಕೂಟದ ಕರಪತ್ರಗಳು. ನಡಾವಳಿ ಎಂದರೆ ಸಭೆಯಲ್ಲಿ ಆದ ತೀರ್ಮಾನಗಳ ದಾಖಲೆ. ವಿಶ್ವವಿದ್ಯಾಲಯದ ಕಡೆಯಿಂದ ಹಳೆಯ 'ಕ್ಯಾಲೆಂಡರ್' ಸಿಗುತ್ತದೆ. ಇದು ಗೋಡೆಗೆ ತೂಗುಹಾಕುವುದಲ್ಲ, ಆ ವರ್ಷದ ನಿಯಮ, ಕಾಲೇಜು, ಪಠ್ಯಗಳೆಲ್ಲ ಇರುವ ದಪ್ಪ ಪುಸ್ತಕ.

ಯಾರೂ ಕೇಳದ ಒಂದು ನಿಧಿ ಇದೆ, ಅದನ್ನು ನೀವು ಕೇಳಿ: ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರ ವರದಿಗಳು. ಈ ಯೋಜನೆ 1969ರಲ್ಲಿ ಶುರುವಾಯಿತು. ವಿದ್ಯಾರ್ಥಿಗಳು ಹಳ್ಳಿಗೆ ಹೋಗಿ ಹತ್ತು ದಿನ ಉಳಿದು ಮನೆಗಳೆಷ್ಟು, ಬಾವಿಗಳೆಷ್ಟು, ಶಾಲೆಗೆ ಹೋಗುವ ಮಕ್ಕಳೆಷ್ಟು ಎಂದು ಬರೆದು ತಂದ ಸಮೀಕ್ಷೆಗಳು ಅವುಗಳಲ್ಲಿ ಇರುತ್ತವೆ. ಹಳ್ಳಿಯ ಚರಿತ್ರೆಯೂ ಕಾಲೇಜಿನ ಚರಿತ್ರೆಯೂ ಒಂದೇ ಹಾಳೆಯಲ್ಲಿ ಸಿಗುವುದು ಅಲ್ಲಿ. ಹಳೆಯ ಪೇಪರ್ ಎಂದು ತೂಕಕ್ಕೆ ಹೋಗುವುದರಲ್ಲೂ ಮೊದಲನೆಯವು ಇವೇ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಎಚ್ಚರಿಕೆ: ದಾಖಲಾತಿ ರಿಜಿಸ್ಟರಿನಲ್ಲಿ ಜಾತಿ, ಹುಟ್ಟಿದ ದಿನ, ಪೋಷಕರ ಆದಾಯ ಇರುತ್ತದೆ. ಬದುಕಿರುವವರ ವಿವರವನ್ನು ಅವರ ಒಪ್ಪಿಗೆಯಿಲ್ಲದೆ ಬರೆದುಕೊಳ್ಳುವುದೂ ಅಚ್ಚು ಮಾಡುವುದೂ ತಪ್ಪು. ಒಟ್ಟು ಸಂಖ್ಯೆ ಮಾತ್ರ ತೆಗೆದುಕೊಳ್ಳಿ.

6. ಕಟ್ಟು ಬಿಚ್ಚುವಾಗ

ಕೊಡಗಿನಲ್ಲಿ ಈ ಕೆಲಸಕ್ಕೆ ಒಳ್ಳೆಯ ಕಾಲ ಡಿಸೆಂಬರಿನಿಂದ ಏಪ್ರಿಲ್. ಕಕ್ಕಡದ (ಜುಲೈ-ಆಗಸ್ಟಿನ ಕೊಡವ ತಿಂಗಳು) ಮಳೆಯಲ್ಲಿ ಹಳೆಯ ಕಟ್ಟು ಬಿಚ್ಚಬೇಡಿ. ಹಾಳೆಗಳು ತೇವ ಹಿಡಿದು ಒಂದಕ್ಕೊಂದು ಅಂಟಿರುತ್ತವೆ, ಬಿಡಿಸಹೋದರೆ ಅಕ್ಷರದ ಸಮೇತ ಕಿತ್ತು ಬರುತ್ತವೆ. ಅಂಟಿದ್ದರೆ ಹಾಗೆಯೇ ಬಿಟ್ಟು ಗ್ರಂಥಪಾಲಕರಿಗೆ ತಿಳಿಸಿ. ಬಿಸಿಲಿಗೂ ಹಾಕಬೇಡಿ, ಶಾಯಿ ಮಾಸುತ್ತದೆ, ಕಾಗದ ಸುರುಟಿಕೊಳ್ಳುತ್ತದೆ. ಗಾಳಿಯಾಡುವ ನೆರಳೇ ಸಾಕು.

ಕೈ ತೊಳೆದು ಚೆನ್ನಾಗಿ ಒರೆಸಿಕೊಳ್ಳಿ. ಪೆನ್ನು ಬೇಡ, ಪೆನ್ಸಿಲ್ ಮಾತ್ರ. ಬೆರಳಿಗೆ ಎಂಜಲು ಹಚ್ಚಿ ಪುಟ ತಿರುಗಿಸುವ ಅಭ್ಯಾಸವಿದ್ದರೆ ಆ ದಿನದ ಮಟ್ಟಿಗೆ ಬಿಡಿ. ಹರಿದಲ್ಲಿ ಸೆಲ್ಲೋಟೇಪ್ ಹಚ್ಚುವುದು, ಲ್ಯಾಮಿನೇಟ್ ಮಾಡಿಸುವುದು ಎರಡೂ ಕಾಗದವನ್ನು ಕೊಲ್ಲುತ್ತವೆ.

ಫೋಟೋ ತೆಗೆಯಲು ಅನುಮತಿ ಪಡೆಯಿರಿ. ಮೊದಲ ಫೋಟೋ ಕಡತದ ಮೇಲಿನ ಚೀಟಿಯದು, ಎರಡನೆಯದು ಮೊದಲ ಪುಟದ್ದು, ಆಮೇಲೆ ಬೇಕಾದ ಪುಟ. ಈ ಕ್ರಮ ತಪ್ಪಬೇಡಿ. ಹಿಂದೊಮ್ಮೆ ನಾನು ಅರವತ್ತು ಪುಟದ ಫೋಟೋ ತೆಗೆದುಕೊಂಡು ಬಂದೆ, ಕಡತದ ಸಂಖ್ಯೆ ಬರೆದುಕೊಂಡಿರಲಿಲ್ಲ. ಅದರಲ್ಲಿದ್ದ ಒಂದು ಸಾಲನ್ನೂ ಇಂದಿನವರೆಗೆ ಎಲ್ಲೂ ಬಳಸಲಾಗಿಲ್ಲ.

7. ತಾರೀಖು ಓದುವುದು

ಹಾಲೇರಿ ಅರಸರ ಕಾಲದ ಬರಹಗಳಲ್ಲಿ ಕಲಿಯುಗದ ವರ್ಷ ಕಾಣುತ್ತದೆ. ಅದರಿಂದ 3101 ಕಳೆದರೆ ಇಸವಿ ಬರುತ್ತದೆ. ಕಲಿ 4921 ಎಂದರೆ 1820, ಲಿಂಗರಾಜೇಂದ್ರ ಮಡಿಕೇರಿಯ ಓಂಕಾರೇಶ್ವರ ದೇವಾಲಯ ಕಟ್ಟಿಸಿದ ವರ್ಷ. ಶಕ ವರ್ಷವಾದರೆ 78 ಕೂಡಿಸಿ. ವರ್ಷ ಯುಗಾದಿಗೆ ಬದಲಾಗುವುದರಿಂದ ಪುಷ್ಯ, ಮಾಘ, ಫಾಲ್ಗುಣದ ತಾರೀಖುಗಳು ಸಾಮಾನ್ಯವಾಗಿ ಮುಂದಿನ ಇಸವಿಗೆ ಬೀಳುತ್ತವೆ.

ಸಂವತ್ಸರದ ಹೆಸರು ಮಾತ್ರ ಇದ್ದರೆ ಹುಷಾರು, ಅದು 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ಜಯ ಸಂವತ್ಸರ 1834ರಲ್ಲಿ ಬಂತು, 1894ರಲ್ಲಿ ಬಂತು, 1954ರಲ್ಲೂ ಬಂತು. ಕಾಗದ, ಕೈಬರಹ, ಅದರಲ್ಲಿ ಬರುವ ಅಧಿಕಾರಿಯ ಹುದ್ದೆ ಇವುಗಳಿಂದ ಯಾವ ಜಯ ಎಂದು ತೀರ್ಮಾನಿಸಿ.

8. ಬರೆದಿದೆ ಎಂದ ಮಾತ್ರಕ್ಕೆ ನಂಬಬೇಡಿ

ಮಡಿಕೇರಿ ತಾಮ್ರಪಟದ ಉದಾಹರಣೆಯೇ ಸಾಕು. ಗಂಗರ ಅವಿನೀತನ ಹೆಸರಿನ ಆ ಶಾಸನದಲ್ಲಿ 388 ಎಂಬ ವರ್ಷವಿದೆ. ಅದನ್ನು ಶಕ ವರ್ಷವೆಂದು ಹಿಡಿದು 466 ಎಂದು ಎಣಿಸಿದರು. ಶಾಸನತಜ್ಞ ಫ್ಲೀಟ್ ಮೊದಲಾದವರು ಅದು ಆ ಕಾಲದ್ದೇ ಅಲ್ಲ, ಆಮೇಲೆ ಸೃಷ್ಟಿಸಿದ್ದು ಎಂದರು. ತಾಮ್ರದ ಮೇಲೆ ಕೊರೆದದ್ದಕ್ಕೇ ಇಷ್ಟು ವಾದವಿರುವಾಗ ಸ್ಮರಣ ಸಂಚಿಕೆಯ ಲೇಖನವನ್ನು ಹಾಗೆಯೇ ನಕಲು ಮಾಡುವುದು ಸರಿಯಲ್ಲ. 'ಸ್ಥಾಪನೆ' ಎಂಬ ಒಂದು ಪದಕ್ಕೇ ಮೂರು ತಾರೀಖು ಇರುತ್ತವೆ: ಮಂಜೂರಾದ ದಿನ, ತರಗತಿ ಶುರುವಾದ ದಿನ, ಕಟ್ಟಡ ಉದ್ಘಾಟನೆಯಾದ ದಿನ. ನೀವು ಹೇಳುತ್ತಿರುವುದು ಯಾವುದು ಎಂದು ಬರೆಯಿರಿ. ಒಂದು ತಾರೀಖಿಗೆ ಒಂದಕ್ಕೊಂದು ಸಂಬಂಧವಿಲ್ಲದ ಎರಡು ಆಕರ ಬೇಕು. 1975ರ ಸಂಚಿಕೆಯನ್ನು ನೋಡಿ 1999ರ ಸಂಚಿಕೆ ಬರೆದಿದ್ದರೆ ಅವೆರಡೂ ಒಂದೇ ಆಕರ.

ಮಡಿಕೇರಿಯ 'ಶಕ್ತಿ' ಪತ್ರಿಕೆಯಂಥ ಸ್ಥಳೀಯ ಪತ್ರಿಕೆಗಳ ಹಳೆಯ ಸಂಚಿಕೆ ಸಿಕ್ಕರೆ ತಾಳೆ ನೋಡಲು ಅದಕ್ಕಿಂತ ಒಳ್ಳೆಯದಿಲ್ಲ.

9. ಮನೆಗಳಿಗೆ ಹೋಗುವಾಗ

ನಿವೃತ್ತ ಅಟೆಂಡರ್, ಹಾಸ್ಟೆಲ್ಲಿನ ಅಡುಗೆಯವರು, ತೋಟದ ರೈಟರ್ (ಲೆಕ್ಕ ಬರೆಯುವವರು) ಇವರಿಗೆ ಗೊತ್ತಿರುವುದು ಪ್ರಾಂಶುಪಾಲರಿಗೂ ಗೊತ್ತಿರುವುದಿಲ್ಲ. ಐನ್‌ಮನೆಗಳ, ಎಂದರೆ ಒಕ್ಕದ ಮೂಲಮನೆಗಳ, ಪೆಟ್ಟಿಗೆಯಲ್ಲಿ ಸನ್ನದು (ಆಳುವವರು ಕೊಟ್ಟ ಹಕ್ಕುಪತ್ರ), ಕಂದಾಯದ ಪಟ್ಟಿ, ಒಕ್ಕದ ಯಜಮಾನರಾದ ಪಟ್ಟೇದಾರರ ಪತ್ರವ್ಯವಹಾರ ಇರುತ್ತವೆ. ಆದರೆ ಮೊದಲ ದಿನವೇ "ಹಳೆಯ ಕಾಗದ ತೋರಿಸಿ" ಎನ್ನಬೇಡಿ. ಜಮ್ಮಾ ಬಾಣೆಯ ವ್ಯಾಜ್ಯ ಕಂಡ ಮನೆಗಳಲ್ಲಿ ಕಾಗದ ಕೇಳುವವರನ್ನು ಜನ ಅನುಮಾನದಿಂದ ನೋಡುವುದು ಸಹಜ. ಮೊದಲು ಫೋಟೋ ಕೇಳಿ, ಫೋಟೋದಲ್ಲಿ ಇರುವವರ ಬಗ್ಗೆ ಕೇಳಿ. ಮನೆಯ ಹಿರಿಯರು ಒಪ್ಪಿದ ಮೇಲೆ ಅವರ ಎದುರಿಗೇ ಪ್ರತಿ ಮಾಡಿಕೊಳ್ಳಿ, ಮೂಲವನ್ನು ಯಾವ ಕಾರಣಕ್ಕೂ ಮನೆಯಿಂದ ಹೊರಗೆ ಒಯ್ಯಬೇಡಿ. 2018ರ ಆಗಸ್ಟಿನ ಭೂಕುಸಿತದಲ್ಲಿ ಮನೆಯ ಜೊತೆಗೆ ಕಾಗದವನ್ನೂ ಕಳೆದುಕೊಂಡವರಿದ್ದಾರೆ. ಅಂಥ ಮನೆಗಳಲ್ಲಿ ಮೆಲ್ಲಗೆ ಮಾತಾಡಿ.

10. ಅಚ್ಚಿಗೆ ಹೋಗುವ ಮುನ್ನ, ಆಮೇಲೆ

ನಮ್ಮ ಕಾಯಿದೆಯಲ್ಲಿ ಲೇಖಕರು ತೀರಿಕೊಂಡ ಮೇಲೆ 60 ವರ್ಷದವರೆಗೆ ಬರಹಕ್ಕೆ ಹಕ್ಕುಸ್ವಾಮ್ಯ ಇರುತ್ತದೆ. ಹಳೆಯ ಸಂಚಿಕೆಯ ಕವನವನ್ನೋ ಲೇಖನವನ್ನೋ ಇಡಿಯಾಗಿ ಮರುಮುದ್ರಿಸುವುದಾದರೆ ಅವರ ಮನೆಯವರನ್ನು ಕೇಳಿ.

ಕೆಲಸ ಮುಗಿದ ಮೇಲೆ ನಿಮ್ಮ ಫೋಟೋಗಳ, ಟಿಪ್ಪಣಿಗಳ ಒಂದು ಪ್ರತಿಯನ್ನು ಗ್ರಂಥಾಲಯಕ್ಕೆ ಕೊಡಿ. ಕೊಡುವಾಗ ಒಂದೊಂದು ಫೋಟೋಗೂ ಯಾರು, ಎಲ್ಲಿ, ಯಾವ ವರ್ಷ, ಯಾರ ಮನೆಯಿಂದ ಸಿಕ್ಕಿತು ಎಂದು ಬೇರೆ ಹಾಳೆಯಲ್ಲಿ ಬರೆಯಿರಿ. ಫೋಟೋದ ಹಿಂಬದಿಯಲ್ಲಿ ಬಾಲ್‌ಪೆನ್ನಿನಿಂದ ಬರೆದರೆ ಒತ್ತು ಮುಂಬದಿಗೆ ಮೂಡುತ್ತದೆ. ಹೆಸರು ಗೊತ್ತಿಲ್ಲದವರ ಜಾಗದಲ್ಲಿ "ಎಡದಿಂದ ಮೂರನೆಯವರು: ಗೊತ್ತಾಗಿಲ್ಲ" ಎಂದೇ ಬರೆಯಿರಿ, ಖಾಲಿ ಬಿಡಬೇಡಿ. ಕೊಟ್ಟದ್ದಕ್ಕೆ ಸ್ವೀಕೃತಿ ಪಡೆದು, ಅದು ಪರಿಗ್ರಹಣ ರಿಜಿಸ್ಟರಿನಲ್ಲಿ ಯಾವ ಸಂಖ್ಯೆಗೆ ಏರಿತು ಎಂದು ಕೇಳಿ ಬರೆದಿಟ್ಟುಕೊಳ್ಳಿ. ಮುಂದೆ ಹುಡುಕಿಕೊಂಡು ಬರುವವರಿಗೆ ಆ ಸಂಖ್ಯೆ ಬೇಕಾಗುತ್ತದೆ.